ಕಿವಿರಾಯ ಕೇಳಿಸಿಕೊಂಡ ಕ್ಲೈಮ್ಯಾಕ್ಸು

"ಇವತ್ತಿಂದ ನಿನ್ನ ಕಿವಿಗೆ ರಜಾ ಕಣಮ್ಮ ಸುಗುಣಾ!" ಎನ್ನುತ್ತಾ ಜಯಶೀಲ ಬಾವ ನಮ್ಮ ಹಾಲ್‌ಗೆ ನುಗ್ಗಿದರು. ಕಂಕುಳಲ್ಲಿ ಒಂದು ತಗಡಿನ ಪೆಟ್ಟಿಗೆ, ಪೆಟ್ಟಿಗೆಯ ನೆತ್ತಿಯ ಮೇಲೆ ಮಡಚಿದ ಕಪ್ಪು ಛತ್ರಿ. ಬಾವ ನಿವೃತ್ತರಾದ ಮೇಲೆ ಮಾಡಿದ ಯಂತ್ರಗಳಲ್ಲಿ ಒಂದಾದರೂ ಹೇಳಿದ ಕೆಲಸ ಮಾಡಿದ್ದರೆ ಕೇಳಿ! ಅವರ ಚಪಾತಿ ಯಂತ್ರ ಲಟ್ಟಿಸಿದ್ದು ನಮ್ಮಕ್ಕನ ಸೀರೆಯ ಸೆರಗನ್ನು.

ಅದೂ ಅವತ್ತೇ ಬರಬೇಕೆ! ಸಂಜೆ ಸಂಗೀತ ನಿರ್ದೇಶಕ ಪ್ರಭಂಜನ್ ನಮ್ಮ ಮೈಸೂರಿನ ಮನೆಗೆ ಬರುವವರಿದ್ದರು. ನನಗೊಂದು ಹುಚ್ಚು. ಥಿಯೇಟರಿನಲ್ಲಿ ಎಲ್ಲರೂ ಹೀರೋನನ್ನು ನೋಡುತ್ತಿದ್ದರೆ ನಾನು ಕಣ್ಣು ಮುಚ್ಚಿ ಹಿನ್ನೆಲೆ ಸಂಗೀತ ಕೇಳುತ್ತೇನೆ. ಮೊಣಕಾಲ ಮೇಲೆ ಬೆರಳಾಡಿಸುತ್ತಾ ಕಲಿತು, ಮನೆಗೆ ಬಂದು ನಮ್ಮ ತಾತನ ಪಿಯಾನೋದಲ್ಲಿ ಕೂರಿಸುತ್ತೇನೆ. ಸ್ವರ ಬರೆದುಕೊಳ್ಳುವ ಅಭ್ಯಾಸವೇ ಇಲ್ಲ. ಇದು ಹೇಗೋ ಪ್ರಭಂಜನ್‌ಗೆ ಗೊತ್ತಾಗಿ, ತಮ್ಮ ಹೊಸ ಸಿನಿಮಾದ ಕ್ಲೈಮ್ಯಾಕ್ಸನ್ನು ಒಂದೇ ಪಿಯಾನೋದಲ್ಲಿ ಕೇಳಬೇಕೆಂದಿದ್ದರು. ಹಿಡಿಸಿದರೆ ಮುಂದಿನ ಸಿನಿಮಾಕ್ಕೆ ನಾನೇ ನುಡಿಸುವುದು. ತೆರೆಯ ಮೇಲೆ 'ಪಿಯಾನೋ: ಸುಗುಣಾ ಪ್ರಭುದಾಸ್' ಎಂದು ಬರುವುದು! ಫ್ರಾಕು ಹಾಕುತ್ತಿದ್ದ ಕಾಲದಿಂದಲೂ ನನಗಿದ್ದ ಆಸೆ ಅದೊಂದೇ.

ಆದರೆ ಕೊನೆಯ ಭಾಗ ಕೈಗೆ ಸಿಕ್ಕುತ್ತಲೇ ಇರಲಿಲ್ಲ. ಅಲ್ಲಿ ಅರವತ್ತು ವಯಲಿನ್, ಡ್ರಮ್ಮು, ಕೋರಸ್ಸು ಎಲ್ಲ ಒಟ್ಟಿಗೇ ಮೈಮೇಲೆ ಬೀಳುತ್ತವೆ. ನನಗಿರುವುದು ಹತ್ತೇ ಬೆರಳು ಎಂದು ಬಾವನ ಹತ್ತಿರವೂ ಗೋಳಾಡಿದ್ದೆ!

"ನಮ್ಮ ಕಿವಿರಾಯನಿಗೆ ಇಪ್ಪತ್ತಿದೆ!" ಎಂದರು ಬಾವ, ಪೆಟ್ಟಿಗೆಯ ಮರದ ಬೆರಳುಗಳನ್ನು ಪಿಯಾನೋದ ಮೇಲೆ ಜೋಡಿಸುತ್ತಾ. "ಮೊದಲ್ನೇ ದಿನ ಮೊದಲ್ನೇ ಶೋಗೇ ಕರ್ಕೊಂಡ್ ಹೋಗಿದ್ದೆ. ಎಲ್ಲಾ ಕೇಳಿಸ್ಕೊಂಡಿದಾನೆ. ಒಂದು ಸದ್ದೂ ಬಿಟ್ಟಿಲ್ಲ!"

"ಛತ್ರಿ ಯಾಕೆ ಬಾವ?"

"ಅದೇ ಅವನ ಕಿವಿ. ಸದ್ದು ಜೋರಾದ್ರೆ ತಾನಾಗೇ ಬಿಚ್ಕೊಳ್ಳತ್ತೆ."

"ನಿಲ್ಸೋ ಸ್ವಿಚ್ಚು?"

"ಒಳ್ಳೆ ಸಂಗೀತಗಾರನಿಗೆ ಎಲ್ಲಾದ್ರೂ ಸ್ವಿಚ್ ಇರತ್ತಾ!"

ಕಿವಿರಾಯ ಶುರು ಮಾಡಿದ. ಸುಳ್ಳೇಕೆ ಹೇಳಲಿ, ಮೊದಲ ಸಾಲು ಕೇಳಿ ನನ್ನ ಕಣ್ಣು ಒದ್ದೆಯಾಯಿತು. ಅಷ್ಟರಲ್ಲಿ ಮೇಲಿನ ಸ್ವರದಲ್ಲಿ ಒಂದು ಶಿಳ್ಳೆ! ಹಿಂದೆಯೇ ಚಿಲ್ಲರೆ ಎರಚಿದ ಝಣಝಣ, ಒಂದು ಮಗುವಿನ ಅಳು, ಸೋಡಾ ಬಾಟಲಿಯ ಬುಸ್. ಆಮೇಲೆ ಬಲಗಡೆ ಏನೋ ಪಟಪಟನೆ ಏರುತ್ತಾ ಹೋಯಿತು, ಎಡಗಡೆ ಏನೋ ತಗ್ಗಿನಲ್ಲಿ ಗೊಣಗತೊಡಗಿತು.

ಅಕ್ಕ ವಿಮಲಾ ಸೌಟು ಹಿಡಿದೇ ಅಡಿಗೆಮನೆಯಿಂದ ಓಡಿಬಂದಳು. "ರೀ, ಇದು ನಾನಲ್ವಾ! ಚಕ್ಕುಲಿ ಪೊಟ್ಟಣ ಒಬ್ರೇ ಖಾಲಿ ಮಾಡಿದ್ರಿ ಅಂತ ಥಿಯೇಟರಲ್ಲಿ ಬೈದಿದ್ದು!"

"ಆಹಾ, ಎಷ್ಟು ಸ್ಪಷ್ಟವಾಗಿದೆ ನೋಡು!" ಬಾವನಿಗೆ ಪರಮಾನಂದ.

"ಬಾವ! ಮೊದಲ್ನೇ ಶೋನಲ್ಲಿ ಅಭಿಮಾನಿಗಳು ಕೈಕಟ್ಕೊಂಡು ಕೂತಿರ್ತಾರಾ? ಶಿಳ್ಳೆನೆಲ್ಲಾ ಯಾಕೆ ನುಡಿಸ್ಬೇಕು?"

"ಯಾವ್ದು ಬಿಡ್ಬೇಕು ಅಂತ ಪಾಪ ಅವನಿಗೆ ಹೇಗೆ ಗೊತ್ತಾಗ್ಬೇಕು?"

"ನೀವು ಒಂದು ಚಕ್ಕುಲಿ ಆದ್ರೂ ಬಿಟ್ರಾ?" ಎಂದಳು ಅಕ್ಕ.

ನಮ್ಮ ಕಿರುಚಾಟಕ್ಕೆ ಛತ್ರಿ ಫಟ್ಟನೆ ಬಿಚ್ಚಿಕೊಂಡಿತು! ಕಿವಿರಾಯ ನಮ್ಮ ಜಗಳವನ್ನೂ ನುಡಿಸತೊಡಗಿದ. ಒಳಗೆ ಕುಕ್ಕರ್ ಕೂಗಿತು, ಅದನ್ನೂ ನುಡಿಸಿದ. ಆಮೇಲೆ ಅವನ ಕಿವಿಗೆ ಅವನದೇ ಪಿಯಾನೋ ಕೇಳಿಸಿತು ನೋಡಿ, ಅಲ್ಲಿಗೆ ಮುಗಿಯಿತು! ತಾನು ನುಡಿಸಿದ್ದನ್ನು ಕೇಳಿ ಮತ್ತೆ ನುಡಿಸಿದ, ಅದನ್ನೂ ಕೇಳಿ ಎರಡರಷ್ಟು ಜೋರಾಗಿ ನುಡಿಸಿದ. ಗೋಡೆಯ ಕ್ಯಾಲೆಂಡರು ಕಳಚಿ ಬಿತ್ತು.

ಸರಿಯಾಗಿ ಆ ಹೊತ್ತಿಗೇ ಪ್ರಭಂಜನ್ ಒಳಗೆ ಕಾಲಿಟ್ಟರು. "ಇದು... ನನ್ನ ಕ್ಲೈಮ್ಯಾಕ್ಸಾ?" ಎಂದು ಕೇಳುವಷ್ಟರಲ್ಲಿ ಛತ್ರಿಯ ಕಡ್ಡಿ ಅವರ ಕೂಲಿಂಗ್ ಗ್ಲಾಸನ್ನು ಹಾರಿಸಿತು. ಅವರು ಹಿಂದಿರುಗಿ ಹೊರಡಲು ನೋಡಿದರೆ, ಅದುರಿ ಅದುರಿ ಚಕ್ರದ ಮೇಲೆ ಉರುಳಿಕೊಂಡು ಬಂದ ಪಿಯಾನೋ ಬಾಗಿಲಿಗೆ ಅಡ್ಡಲಾಗಿ ನಿಂತುಬಿಟ್ಟಿತು! ಅಕ್ಕ ಸೌಟು ಬಿಸಾಕಿ, ದಪ್ಪ ರಜಾಯಿ ತಂದು ಛತ್ರಿಯ ಮೇಲೆ ಹೊದಿಸಿದಳು. ಕಿವಿ ಕೇಳದಾದ ಕಿವಿರಾಯ ತೆಪ್ಪಗಾದ.

ನನ್ನ ಹೆಸರು ತೆರೆಯಿಂದ ಅಳಿಸಿಹೋದದ್ದು ನನಗೆ ಕಾಣಿಸುತ್ತಿತ್ತು.

"ಹೊರಗೆ ಹೋಗೋಕಂತೂ ದಾರಿ ಇಲ್ಲ. ನುಡಿಸಿ, ಕೇಳ್ತೀನಿ," ಎಂದರು ಪ್ರಭಂಜನ್, ಕನ್ನಡಕದ ಚೂರು ಆರಿಸುತ್ತಾ.

ಬಾವ ಮರದ ಬೆರಳುಗಳನ್ನು ಕಳಚಿದ ಮೇಲೆ ಕುಳಿತೆ. ಯಾವುದು ಬಿಡಬೇಕು ಅಂತ ಅವನಿಗೆ ಹೇಗೆ ಗೊತ್ತಾಗಬೇಕು ಎಂದ ಬಾವನ ಮಾತು ತಲೆಯಲ್ಲೇ ಕೂತಿತ್ತು. ಅಲ್ಲ, ನನಗಾದರೂ ಗೊತ್ತಿತ್ತೇ? ನಾನೂ ಇಷ್ಟು ದಿನ ಎಲ್ಲವನ್ನೂ ತುರುಕಲು ಒದ್ದಾಡಿದವಳೇ! ಸರಿ, ವಯಲಿನ್ ಬಿಟ್ಟೆ. ಡ್ರಮ್ಮು, ಕೋರಸ್ಸು ಬಿಟ್ಟೆ. ಸಿನಿಮಾದ ಶುರುವಿನಲ್ಲಿ ತಾಯಿ ಗುನುಗುವ ರಾಗವನ್ನು ಮಾತ್ರ ಬಲಗೈಯಲ್ಲಿ ನುಡಿಸಿದೆ. ಎಡಗೈಯಲ್ಲಿ ಒಂದೇ ಒಂದು ತಗ್ಗಿನ ಸ್ವರ.

ಪ್ರಭಂಜನ್ ಕನ್ನಡಕದ ಚೂರುಗಳನ್ನು ಜೇಬಿಗೆ ಹಾಕಿಕೊಂಡರು. "ನಾನೂ ಮೊದಲು ಇಷ್ಟೇ ಮಾಡಿದ್ದೆ ಕಣಮ್ಮ. ಅರವತ್ತು ವಯಲಿನ್ ನಿರ್ಮಾಪಕರ ಆಸೆ," ಎಂದರು. ಮುಂದಿನ ತಿಂಗಳು ರೆಕಾರ್ಡಿಂಗಿಗೆ ಬರಬೇಕೆಂದು ಹೇಳಿ, ಪ್ಯಾಂಟು ಮೇಲಕ್ಕೆತ್ತಿಕೊಂಡು ಹಿತ್ತಲ ಕಾಂಪೌಂಡು ಹಾರಿ ಹೋದರು.

ನಾನು ನುಡಿಸಿದ ಸಿನಿಮಾ ಬಿಡುಗಡೆಯಾದ ದಿನ ಮೊದಲನೇ ಶೋಗೆ ಮನೆಮಂದಿಯೆಲ್ಲ ಹೋದೆವು. ಜೀವನದಲ್ಲಿ ಮೊದಲ ಸಲ ನಾನು ಥಿಯೇಟರಿನಲ್ಲಿ ಕಣ್ಣು ಬಿಟ್ಟುಕೊಂಡು ಕೂತಿದ್ದೆ. ನನ್ನ ಮುಂದಿನ ಸೀಟಿನಲ್ಲಿದ್ದ ಬಾವನ ತೊಡೆಯ ಮೇಲೆ ದೊಡ್ಡದೊಂದು ಚೀಲವಿತ್ತು.

"ಏನದು ಬಾವ?"

"ಚಕ್ಕುಲಿ ಕಣಮ್ಮ. ಈ ಸಲ ಎಲ್ರಿಗೂ ಇದೆ."

ತೆರೆಯ ಮೇಲೆ ಹೀರೋ ಹೆಸರು ಬಂತು. ಇಡೀ ಥಿಯೇಟರ್ ಶಿಳ್ಳೆ ಹೊಡೆಯಿತು. ಚೀಲದೊಳಗಿಂದ ಫಟ್!

ಅಕ್ಕ ಬೈದು, ಜಗ್ಗಿ, ನನ್ನ ಕಣ್ಣಿಗೆ ಅಡ್ಡ ಬಿಚ್ಚಿಕೊಂಡ ಆ ಛತ್ರಿಯನ್ನು ಮಡಚುವಷ್ಟರಲ್ಲಿ ಕತೆ ಶುರುವಾಗಿತ್ತು. ನನ್ನ ಹೆಸರು ಬಂತಂತೆ. ಪಕ್ಕದ ಸೀಟಿನವರು ಹೇಳಿದರು, ಅಕ್ಷರ ದೊಡ್ಡದಾಗಿಯೇ ಇತ್ತಂತೆ.