ಪಕ್ಕದ ಮನೆಯ ಹರಕೆಯ ಕೋಳಿ

ನಾಲ್ಕು ಜನ ಸೇರಿದಲ್ಲಿ ನಿದ್ದೆಯ ಮಾತು ಬಂದರೆ ಸಾಕು, ನನ್ನ ಹತ್ತಿರ ಒಂದು ಕೋಳಿಯ ಪ್ರಸಂಗ ಇದ್ದೇ ಇರುತ್ತದೆ. ಅದನ್ನು ಹೇಳಿ ಮುಗಿಸಿ ಮನೆಗೆ ಬರುವಷ್ಟರಲ್ಲಿ ಇನ್ನೊಂದು ಆಗಿರುತ್ತದೆ.

ನಾವಿರುವುದು ಬಂಟ್ವಾಳದಲ್ಲಿ, ಹನ್ನೆರಡು ಮನೆಗಳ ಒಂದು ಲೇಔಟಿನಲ್ಲಿ. ನಮಗೂ ಪಕ್ಕದವರಿಗೂ ನಡುವೆ ಒಂದು ಕಾಂಪೌಂಡು ಗೋಡೆ. ಗೋಡೆಯ ಆಚೆ ಪೇರಳೆ ಮರ, ಮರದ ಮೇಲೆ ಆ ಹುಂಜ. ಗೋಡೆಯ ಈಚೆ ನನ್ನ ಮೊಮ್ಮಗಳು ಮಲಗುವ ಕೋಣೆಯ ಕಿಟಕಿ. ಮಗುವಿಗೆ ಆಗ ಏಳು ತಿಂಗಳು. ಮಗ ಹಡಗಿನಲ್ಲಿ ಇಂಜಿನಿಯರ್, ವರ್ಷದಲ್ಲಿ ಅರ್ಧ ಸಮುದ್ರದ ಮೇಲೆ. ಮನೆಯಲ್ಲಿ ನಾನು, ನನ್ನ ಯಜಮಾನರು, ಸೊಸೆ ಮತ್ತು ಮಗು.

ನಾನು ಬಿ.ಎಸ್ಸಿ. ಓದಿದವಳು. ಮಳೆ ಹಿಡಿದ ದಿನ, ಗ್ಯಾಸ್ ಸಿಲಿಂಡರ್ ಬದಲಾಯಿಸಿದ ದಿನ, ಮಗುವಿಗೆ ಮೊದಲ ಹಲ್ಲು ಕಂಡ ಗಂಟೆ, ಎಲ್ಲವನ್ನೂ ಬರೆದಿಡುವ ಅಭ್ಯಾಸ ನನಗೆ ಕಾಲೇಜಿನ ಪ್ರಯೋಗಾಲಯದಿಂದ ಬಂದದ್ದು. ಆದ್ದರಿಂದ ಇಲ್ಲಿ ಹೇಳಿದ್ದರಲ್ಲಿ ಒಂದೂ ಉತ್ಪ್ರೇಕ್ಷೆಯಿಲ್ಲ. ಉತ್ಪ್ರೇಕ್ಷೆ ಮಾಡುವಷ್ಟು ಶಕ್ತಿ ನನ್ನಲ್ಲಿ ಉಳಿದೂ ಇಲ್ಲ.

೧. ವೀಸಾ

ಅಕ್ಟೋಬರಿನ ಒಂದು ಬೆಳಿಗ್ಗೆ ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಅದು ಮೊದಲ ಸಲ ಕೂಗಿತು. ಮಗು ಎದ್ದು ಅಳತೊಡಗಿತು. ಬೆಳಕಾದ ಮೇಲೆ ಗೋಡೆಯ ಹತ್ತಿರ ಹೋಗಿ ಪಕ್ಕದ ಮನೆಯಾಕೆಯನ್ನು ಕರೆದೆ.

"ನಿಮ್ಮ ಕೋಳಿ ಮಗುವನ್ನು ಎಬ್ಬಿಸ್ತದೆ ಮಾರಾಯ್ತಿ. ಏನಾದರೂ ಮಾಡುವ."

"ಎಂತ ಮಾಡುವುದು ಅಕ್ಕ?"

"ಕೊಯ್ದು ಪದಾರ್ಥ ಮಾಡು. ಮಸಾಲೆ ಬೇಕಾದರೆ ನಾನು ಅರೆದು ಕೊಡ್ತೇನೆ."

ಆಕೆ ಎರಡು ಹೆಜ್ಜೆ ಹಿಂದೆ ಸರಿದಳು. "ಅಯ್ಯೋ, ಅದು ಹರಕೆಯದ್ದು ಅಕ್ಕ! ಮಗನಿಗೆ ದುಬೈಯ ವೀಸಾ ಆದರೆ ಒಂದು ಕೋಳಿ ಕೊಡ್ತೇವೆ ಅಂತ ನಮ್ಮ ಕುಟುಂಬದ ದೈವಕ್ಕೆ ಹೇಳಿಕೊಂಡದ್ದು. ವೀಸಾ ಆಯಿತು. ಇನ್ನು ದೈವದ ನೇಮೋತ್ಸವದ ದಿನ ಕೊಡುವವರೆಗೆ ಅದು ದೈವದ್ದು, ನಾವು ಅಕ್ಕಿ ಹಾಕುವುದು ಮಾತ್ರ. ಕೊಲ್ಲುವ ಹಾಗಿಲ್ಲ, ಮಾರುವ ಹಾಗಿಲ್ಲ. ಬಯ್ಯಲಿಕ್ಕೂ ನನಗೆ ಹೆದರಿಕೆ."

"ನೇಮ ಯಾವಾಗ?"

"ಏಪ್ರಿಲಿಗೆ."

ನಾನು ಬೆರಳಿನಲ್ಲಿ ತಿಂಗಳು ಎಣಿಸಿದೆ. ಒಂದು ಕೈ ಸಾಕಾಗಲಿಲ್ಲ. ಮಗ ದುಬೈಯ ಎ.ಸಿ. ಕೋಣೆಯಲ್ಲಿ ಸುಖವಾಗಿ ಮಲಗಿದ್ದಾನೆ. ಅವನ ಹರಕೆ ನನ್ನ ಕಿಟಕಿಯ ಎದುರು ಎದ್ದು ಕೂತಿದೆ.

೨. ಐದು ಕಾಲಮುಗಳ ವರದಿ

ಬಾಯಿಮಾತಿನಲ್ಲಿ ಹೇಳಿದರೆ ಯಾರೂ ಕೇಳುವುದಿಲ್ಲ, ಆಧಾರ ಬೇಕು ಎಂದು ಇಪ್ಪತ್ತೊಂದು ದಿನ ಒಂದು ಪುಸ್ತಕದಲ್ಲಿ ದಾಖಲೆ ಮಾಡಿದೆ. ದಿನಾಂಕ, ಮೊದಲ ಕೂಗು, ಒಟ್ಟು ಕೂಗು, ಮಗು ಎದ್ದ ಸಮಯ, ಷರಾ. ಷರಾ ಎಂಬಲ್ಲಿ ಹೆಚ್ಚಾಗಿ "ಸೊಸೆ ಅತ್ತಳು" ಎಂದಿತ್ತು. ಎರಡು ಕಡೆ "ನಾನೂ" ಎಂದಿತ್ತು.

ಲೇಔಟಿನ ಸಂಘದ ತಿಂಗಳ ಸಭೆಯಲ್ಲಿ ಎದ್ದು ನಿಂತು ಪೂರ್ತಿ ಓದಿದೆ. ಅಧ್ಯಕ್ಷರು ನಿವೃತ್ತ ಬ್ಯಾಂಕ್ ಮ್ಯಾನೇಜರು. ಪುಸ್ತಕ ಕೇಳಿ ತೆಗೆದುಕೊಂಡು, ಕನ್ನಡಕ ಏರಿಸಿ, ಪೆನ್ನಿನ ತುದಿಯಿಂದ ಒಂದೊಂದೇ ಸಾಲು ನೋಡಿದರು. ನನಗೆ ಧೈರ್ಯ ಬಂತು. ಕೊನೆಗೂ ಅಂಕಿ ಓದಲು ಬರುವ ಒಬ್ಬರು ಸಿಕ್ಕಿದರಲ್ಲ!

"ಮೇಡಂ, ಬಹಳ ಒಳ್ಳೆಯ ಕೆಲಸ. ಮೊದಲನೆಯ ವಾರ ದಿನಕ್ಕೆ ನಲವತ್ತೊಂದು ಕೂಗು. ಮೂರನೆಯ ವಾರ ಮೂವತ್ತೆಂಟು. ಅಂದರೆ ಕೋಳಿ ತನ್ನಷ್ಟಕ್ಕೇ ಸುಧಾರಿಸ್ತಾ ಉಂಟು. ಈ ಹಂತದಲ್ಲಿ ಸಂಘ ಮಧ್ಯೆ ಬರುವುದು ಸರಿಯಲ್ಲ."

ಎಲ್ಲರೂ ಹೌದೆಂದು ತಲೆಯಾಡಿಸಿ ಚಹಾ ಕುಡಿಯಲು ಎದ್ದರು. ಹೊರಗೆ ಪಕ್ಕದ ಮನೆಯಾಕೆ ನನ್ನ ಕೈ ಹಿಡಿದುಕೊಂಡಳು. "ಅಕ್ಕ, ಅದರದ್ದೊಂದು ಜೆರಾಕ್ಸ್ ಕೊಡ್ತೀರಾ? ಕೋಳಿ ಹೇಗುಂಟು ಅಂತ ಮಗ ದಿನಾ ಫೋನಿನಲ್ಲಿ ಕೇಳ್ತಾನೆ. ನನಗೆ ಇಷ್ಟು ಚೆಂದ ಬರೆಯಲಿಕ್ಕೆ ಬರುವುದಿಲ್ಲ."

೩. ಅನುಭವಸ್ಥರು

ಕಲ್ಲಡ್ಕದಲ್ಲಿ ನಾವು ಯಾವಾಗಲೂ ಹೋಗುವ ಕೋಳಿ ಅಂಗಡಿಯೊಂದುಂಟು. ಅಂಗಡಿಯವರು ತಂದೆಯ ಕಾಲದಿಂದ ಇದೇ ವ್ಯಾಪಾರ ಮಾಡಿಕೊಂಡು ಬಂದವರು, ನನ್ನದೇ ಪ್ರಾಯ. ಕೋಳಿಯ ಬಗ್ಗೆ ಇವರಿಗೆ ತಿಳಿಯದ್ದು ಏನಿರಲು ಸಾಧ್ಯ ಎಂದು ಒಂದು ದಿನ ಹೋಗಿ ಬೆಂಚಿನಲ್ಲಿ ಕೂತು ಎಲ್ಲವನ್ನೂ ಹೇಳಿದೆ.

ಅವರು ಪೂರಾ ಕೇಳಿದರು. ನಡುವೆ ಬಂದ ಇಬ್ಬರು ಗಿರಾಕಿಗಳನ್ನು ಕಾಯಿಸಿಯೂ ಕೇಳಿದರು.

"ನಿಮ್ಮಲ್ಲಿ ಇಷ್ಟೊಂದು ಕೋಳಿ ಉಂಟು. ಒಂದೂ ಕೂಗುವುದಿಲ್ಲ. ಅದು ಹೇಗೆ?" ಎಂದು ಕೇಳಿದೆ.

ಅವರು ಬಹಳ ಮರ್ಯಾದೆಯಿಂದ ತಲೆ ತಗ್ಗಿಸಿದರು. "ಅಕ್ಕ, ನಮ್ಮಲ್ಲಿ ಯಾವುದೂ ಕೂಗುವ ಪ್ರಾಯಕ್ಕೆ ಬರುವುದಿಲ್ಲ."

೪. ಟಿ.ವಿ. ಪೆಟ್ಟಿಗೆ

ಕೋಳಿಗೆ ಬೆಳಕು ಕಾಣದಿದ್ದರೆ ಬೆಳಗಾದದ್ದು ತಿಳಿಯುವುದಿಲ್ಲ, ತಿಳಿಯದಿದ್ದರೆ ಕೂಗುವುದಿಲ್ಲ ಎಂದು ಯಜಮಾನರು ಎಲ್ಲಿಯೋ ಕೇಳಿಕೊಂಡು ಬಂದರು. ನಮ್ಮ ಟಿ.ವಿ. ಬಂದಿದ್ದ ದೊಡ್ಡ ರಟ್ಟಿನ ಪೆಟ್ಟಿಗೆಗೆ ಗಾಳಿಯಾಡಲು ಅಡಿಯಲ್ಲಿ ತೂತು ಮಾಡಿ, ಒಳಗೆ ಮೈ ಒರಸುವ ಹಳೆಯ ಬೈರಾಸು ಹಾಸಿ, ಪಕ್ಕದ ಮನೆಗೆ ಹೊತ್ತುಕೊಂಡು ಹೋದರು. ಚಳಿಗೆ ಬೆಚ್ಚಗಾಗ್ತದೆ ಎಂದು ಆಕೆಯೂ ಒಪ್ಪಿದಳು.

ಮರುದಿನ ನಾಲ್ಕಕ್ಕೆ ಸದ್ದಿಲ್ಲ. ಐದಕ್ಕೆ ಇಲ್ಲ. ಏಳಕ್ಕೂ ಇಲ್ಲ. "ಒಟ್ಟು ಕೂಗು" ಎಂಬಲ್ಲಿ ದೊಡ್ಡದಾಗಿ ಸೊನ್ನೆ ಬರೆದೆ.

ಪಕ್ಕದ ಮನೆಯಾಕೆ ಕೆಲಸವೆಲ್ಲ ಮುಗಿಸಿ ಒಂಬತ್ತಕ್ಕೆ ಪೆಟ್ಟಿಗೆಯ ಮುಚ್ಚಳ ತೆಗೆದಳು. ಬೆಳಗಿನ ಸ್ನಾನ ಮುಗಿಸಿದ ಮಗು ಆಗಷ್ಟೇ ಕಣ್ಣು ಮುಚ್ಚಿತ್ತು. ಕೋಳಿ ಹಾರಿ ಗೋಡೆಯ ಮೇಲೆ ಕೂತು, ಬೆಳಗಿನಿಂದ ಬಾಕಿ ಉಳಿದದ್ದನ್ನೆಲ್ಲ ಒಂದೇ ಉಸಿರಿನಲ್ಲಿ ಕೂಗತೊಡಗಿತು. ಇಪ್ಪತ್ತು ನಿಮಿಷ. ನಾನು ಸೊನ್ನೆಯನ್ನು ಹೊಡೆದು ಹಾಕಿ ಮೂವತ್ತೇಳು ಎಂದು ಬರೆದೆ.

ಯಜಮಾನರು ಹಿಂದಿನಿಂದ ಇಣುಕಿ ನೋಡಿದರು. "ನೋಡಿದೆಯಾ? ನಿನ್ನೆಗಿಂತ ಒಂದು ಕಡಿಮೆ."

೫. ಮೂಡುಬಿದಿರೆ

ಡಿಸೆಂಬರಿನಲ್ಲಿ ಸೊಸೆಯ ಕಣ್ಣ ಸುತ್ತ ಕಪ್ಪಾಯಿತು. ಮಗುವಿಗೆ ನಿದ್ದೆ ಸಾಲದೆ ಹಾಲು ಕುಡಿಯುವುದೂ ಕಡಿಮೆಯಾಯಿತು. ಒಂದು ದಿನ ಸೊಸೆ ಬ್ಯಾಗು ತಂದು ಜಗಲಿಯಲ್ಲಿಟ್ಟು, ನನ್ನ ಮುಖ ನೋಡದೆ ಹೇಳಿದಳು. "ಮಾಮಿ, ಈ ಕೋಳಿ ಇರುವವರೆಗೆ ನಾವು ಮೂಡುಬಿದಿರೆಯಲ್ಲಿ ಇರ್ತೇವೆ. ನಿಮ್ಮ ಮೇಲೆ ಬೇಸರ ಏನಿಲ್ಲ."

ಮೂಡುಬಿದಿರೆ ಅವಳ ತಾಯಿಮನೆ. ಅವಳು ಹೊರಡಲು ಬೇಕಾದ ಕಾರಣಗಳೆಲ್ಲ ನನ್ನದೇ ಅಕ್ಷರದಲ್ಲಿ, ಐದು ಕಾಲಮುಗಳಲ್ಲಿ ಇದ್ದವು.

ತೊಟ್ಟಿಲು ಖಾಲಿಯಾದ ಮೇಲೆ ನಮ್ಮ ಮನೆಯಲ್ಲಿ ಕೋಳಿಯ ಕೂಗೊಂದೇ ಸದ್ದು. ನಾಲ್ಕನೆಯ ದಿನ ಬೆಳಿಗ್ಗೆ ತಡೆಯಲಾಗದೆ ವಿಡಿಯೋ ಕಾಲ್ ಮಾಡಿದೆ. "ಇನ್ನೂ ಮಲಗಿದ್ದಾಳೆ. ಇಲ್ಲಿ ಏಳು ಗಂಟೆಯವರೆಗೆ ಏಳುವುದಿಲ್ಲ ಮಾಮಿ," ಎಂದು ಸೊಸೆ ಪಿಸುಗುಟ್ಟುತ್ತಾ ಫೋನನ್ನು ಮಗುವಿನ ಹತ್ತಿರ ಹಿಡಿದಳು. ತುಂಬಿಕೊಂಡ ಕೆನ್ನೆ, ಮುಷ್ಟಿ ಕಟ್ಟಿದ ಕೈ. ಚಿತ್ರ ಸರಿಯಾಗಿ ಬರಲೆಂದು ನಾನು ಸಿಗ್ನಲ್ ಸಿಗುವ ಕಿಟಕಿಯ ಹತ್ತಿರ ಬಂದೆ.

ಕೋಳಿ ಕೂಗಿತು. ಮೂವತ್ತು ಕಿಲೋಮೀಟರ್ ಆಚೆ ಮಗು ಎದ್ದು ಕೂತು ಅಳತೊಡಗಿತು.

"ಮಾಮಿ, ಇನ್ನು ಮೆಸೇಜ್ ಮಾಡಿ ಸಾಕು," ಎಂದು ಸೊಸೆ ಫೋನಿಟ್ಟಳು.

೬. ನನ್ನ ಹರಕೆ

ವಿಜ್ಞಾನ ಓದಿದವಳಾದ ನಾನು ಹರಕೆ ಹೇಳಿಕೊಳ್ಳುವವಳಲ್ಲ. ನಮ್ಮ ಕುಟುಂಬದ ದೈವಸ್ಥಾನ ಬೆಳ್ತಂಗಡಿಯ ಕಡೆ ಉಂಟು. ವರ್ಷಕ್ಕೊಮ್ಮೆ ನೇಮಕ್ಕೆ ಹೋಗಿ, ಕೈ ಮುಗಿದು, ಏನೂ ಕೇಳದೆ ಬರುತ್ತೇನೆ. ಆದರೆ ಜನವರಿಯ ಒಂದು ಬೆಳಿಗ್ಗೆ, ಇಪ್ಪತ್ತೆರಡನೆಯ ಕೂಗು ಆದ ಮೇಲೆ, ಅಂಗಳದಲ್ಲಿ ಬೆಳ್ತಂಗಡಿಯ ದಿಕ್ಕಿಗೆ ತಿರುಗಿ ನಿಂತೆ.

"ಸ್ವಾಮೀ, ಇದರ ಬಾಯೊಂದು ನಿಲ್ಲಲಿ. ಸೊಸೆ, ಮಗು ಮನೆಗೆ ಬರಲಿ. ನಿನಗೊಂದು ಕೋಳಿ ಕೊಡ್ತೇನೆ."

ವಾರ ತುಂಬಲಿಲ್ಲ. ಪಕ್ಕದ ಮನೆಯವರ ಕುಟುಂಬದಲ್ಲಿ, ಮುಂಬೈಯಲ್ಲಿ ಹೋಟೆಲು ನಡೆಸುವ ದಾಯಾದಿಗಳಿಗೆ ಏಪ್ರಿಲಿನಲ್ಲಿ ಬರಲು ಆಗುವುದಿಲ್ಲವೆಂದು, ಅದೇ ತಿಂಗಳ ಕೊನೆಗೆ ನೇಮ ನಿಶ್ಚಯವಾಯಿತು. ಕೋಳಿ ಹೋಯಿತು. ಮೂರನೆಯ ದಿನ ಸೊಸೆ ಮಗುವಿನೊಂದಿಗೆ ಬಂದಳು. ಆ ರಾತ್ರಿ ನಾವೆಲ್ಲರೂ ಮಲಗಿದವರು ಬೆಳಿಗ್ಗೆ ಹಾಲಿನವನು ಬೆಲ್ಲು ಮಾಡಿದ ಮೇಲೆಯೇ ಎದ್ದದ್ದು.

ಹತ್ತು ದಿನ ಕಳೆದು ಪಕ್ಕದ ಮನೆಯಾಕೆ ಗೇಟಿನಿಂದ ಒಳಗೆ ಬಂದಳು. ಕೈಯಲ್ಲಿ ಬುಟ್ಟಿ.

"ಅಕ್ಕ, ನೀವೂ ಒಂದು ಕೋಳಿ ಹೇಳಿಕೊಂಡಿದ್ದೀರಂತೆ. ಭಾವ ಹೇಳಿದರು. ನನ್ನ ನರಿಕೊಂಬಿನ ತಾಯಿಮನೆಯಿಂದ ತಂದೆ. ಊರಿನ ಹುಂಜ, ಮರಿ ಇನ್ನೂ."

"ಈಗ ಯಾಕೆ? ನಮ್ಮ ನೇಮ ಕಳೆದ ಡಿಸೆಂಬರಿನಲ್ಲೇ ಆಗಿ ಹೋಯಿತಲ್ಲ. ಇನ್ನು ಬರುವ ಡಿಸೆಂಬರಿಗೆ. ಆ ದಿನ ಕಲ್ಲಡ್ಕದ ಅಂಗಡಿಯಿಂದ ತರುವ ಎಂದಿದ್ದೆ."

"ಅಂಗಡಿಯದ್ದಾ? ದೈವಕ್ಕಾ?" ಆಕೆ ಜಗಲಿಯಲ್ಲಿ ಕೂತಿದ್ದ ಯಜಮಾನರ ಮುಖ ನೋಡಿದಳು. "ಕೇಳಿದ್ದನ್ನು ವಾರದೊಳಗೆ ಕೊಟ್ಟ ದೈವಕ್ಕೆ ಮನೆಯಲ್ಲಿ ಸಾಕಿದ್ದು ಕೊಡುವುದು ಬೇಡವಾ ಭಾವ?"

"ಅದು ಹೌದಲ್ಲ," ಎಂದರು ಯಜಮಾನರು.

ಏಪ್ರಿಲಿನಲ್ಲಿ ಮರಿಯ ಗಂಟಲು ಒಡೆಯಿತು. ನಮ್ಮದು ಮೂರು ಗಂಟೆ ಐವತ್ತಕ್ಕೇ ಶುರು. ಮಗು ಎದ್ದಿತು. ಸೊಸೆ ಮಗುವನ್ನು ಎತ್ತಿಕೊಂಡು ಜಗಲಿಗೆ ಬಂದಳು. ಇನ್ನೇನು ಬ್ಯಾಗು ಬಂತೆಂದುಕೊಂಡೆ. "ಮೂಡುಬಿದಿರೆಗೆ ಹೋಗ್ತೀಯಾ?" ಎಂದು ಕೇಳಿಯೇಬಿಟ್ಟೆ.

"ಹೇಗೆ ಹೋಗುವುದು ಮಾಮಿ? ನಾನು ಬರಲಿ ಅಂತ ಹೇಳಿಕೊಂಡ ಕೋಳಿ ಇದು. ಇದು ಕೂಗಿತು ಅಂತ ನಾನೇ ಹೋದರೆ ದೈವ ಏನು ಗ್ರಹಿಸೀತು?" ಎಂದು ಅಲ್ಲಿಯೇ ಕೂತಳು. ಹುಂಜ ಇನ್ನೊಮ್ಮೆ ಕೂಗಿತು. ಅವಳು ಮೆಲ್ಲಗೆ ಕೇಳಿದಳು. "ಮಾಮಿ, ಇದು ನಿಲ್ಲಲಿ ಅಂತ ನಾನೊಂದು ಹರಕೆ ಹೇಳಿಕೊಳ್ಳಲಾ?"

ನಾನು ಬಾಯಿ ತೆರೆಯುವ ಮೊದಲೇ ಒಳಗಿನಿಂದ ಯಜಮಾನರ ಸ್ವರ ಬಂತು.

"ಹೇಳಿಕೋ ಮಗಾ. ಆದರೆ ಸೀಯಾಳ ಹೇಳು. ಅದು ಕೂಗುವುದಿಲ್ಲ."