ಎಲ್ವುಡ್‌ನ ಬಲಗಾಲು

ವ್ಯಾಂಕೂವರ್ ಬಿಟ್ಟ ವಿಮಾನ ಸಮುದ್ರದ ಮೇಲೆ ಬರುವಷ್ಟರಲ್ಲಿ ಎಲ್ವುಡ್ ಫ್ರೀಸನ್‌ನ ಲ್ಯಾಪ್‌ಟಾಪ್ ಬ್ಯಾಟರಿ ಕೆಂಪಗಾಯಿತು. ಆಕ್ಲೆಂಡಿನಲ್ಲಿ ಇಳಿದವನೇ ನೇರ ಚರ್ಚಿಗೆ ಹೋಗಬೇಕು, ಮಗಳ ಮದುವೆ; ಅಲ್ಲಿ ಅಪ್ಪ ಎದ್ದು ನಿಂತು ನಾಲ್ಕು ಮಾತಾಡಬೇಕು. ಮಾತೆಂದರೆ ಬೆವರುವ ಮನುಷ್ಯ. ತಿಂಗಳುಗಟ್ಟಲೆ ಬರೆದ ಭಾಷಣ ಲ್ಯಾಪ್‌ಟಾಪಿನೊಳಗಿತ್ತು. ಕೊನೆಯ ಸಾಲೊಂದೇ ಹೊಳೆದಿರಲಿಲ್ಲ.

ಮೂರು ಸೀಟಿಗೆ ಎರಡೇ ಸಾಕೆಟ್. ಒಂದಕ್ಕೆ ಕಿಟಕಿ ಪಕ್ಕದ ಮಾಡ್ ಅಜ್ಜಿ ಆಗಲೇ ಪ್ಲಗ್ ಸಿಕ್ಕಿಸಿ, ಲ್ಯಾಪ್‌ಟಾಪಿನಲ್ಲಿ ಇಸ್ಪೀಟು ಆಡುತ್ತಿದ್ದರು. ಎಲ್ವುಡ್ ಬಗ್ಗಿ, ಮುಂದಿನ ಸೀಟಿಗೆ ಹಣೆ ಬಡಿದುಕೊಂಡು, ಕತ್ತಲಲ್ಲಿ ತಡಕಾಡಿ ಇನ್ನೊಂದಕ್ಕೆ ತನ್ನದನ್ನು ಸಿಕ್ಕಿಸಿದ. ಎರಡು ಸಾಕೆಟ್ಟಿಗೂ ಸೇರಿ ಇದ್ದ ಒಂದೇ ದೀಪ ಹತ್ತಲಿಲ್ಲ.

"ಸಡಿಲ ಆಗಿರತ್ತೆ. ಕಾಲಲ್ಲಿ ಒತ್ತಿ ನೋಡಿ," ಎಂದ ಈಚೆ ಬದಿಯ ಗಾರ್ತ್. ವಿಮೆ ಮಾರುವವನು, ಗೊತ್ತಿಲ್ಲದ ವಿಷಯವೇ ಇರಲಿಲ್ಲ.

ಬೂಟು ಬಿಚ್ಚಿ ಬಲಗಾಲಿನಿಂದ ಒತ್ತಿದ. ಹಸಿರು ದೀಪ ಹತ್ತಿತು.

"ನಾನು ಹೇಳ್ಲಿಲ್ವಾ? ಈಗ ಮುಚ್ಚಿಡಿ, ಬೇಗ ತುಂಬತ್ತೆ."

ಎಲ್ವುಡ್ ಮುಚ್ಚಿಟ್ಟ. ಕೆರೆಯ ಕೊಕ್ಕರೆಯಂತೆ ಒಂದೇ ಕಾಲನ್ನು ನಂಬಿ ಕೂತ. ಊಟ ಬಂತು, ಅಲುಗಾಡದೆ ತಿಂದ. ಬಾತ್‌ರೂಮಿಗೆ ಹೊರಟ ಅಜ್ಜಿ ಅವನ ತೊಡೆ ಹತ್ತಿ ದಾಟಿದರು, ಹತ್ತಿಯೇ ವಾಪಸು ಬಂದರು. ವಿಮಾನ ಕುಲುಕಿ ಪಾದ ಜಾರಿದಾಗಲೆಲ್ಲ ಅಜ್ಜಿ ತಮ್ಮ ಇಸ್ಪೀಟಿನಿಂದ ತಲೆಯೆತ್ತಿ, "ಕಾಲಪ್ಪಾ, ಕಾಲು," ಎನ್ನುತ್ತಿದ್ದರು.

"ನೀನೂ ಒಂದ್ಸಲ ಬಾತ್‌ರೂಮಿಗೆ ಹೋಗ್ಬರಬಾರ್ದಾ?"

"ಇಳಿದ್ಮೇಲೆ ಹೋಗ್ತೀನಿ ಅಜ್ಜೀ."

ಹಿಂದಿನ ಸಾಲಿನವರೂ ಇಣುಕಿ ವಿಚಾರಿಸಿದರು. "ಹಸಿರಿದೆ," ಎಂದು ಗಾರ್ತ್ ಆಗಾಗ ಸಾರುತ್ತಿದ್ದ. ಗಗನಸಖಿ ಎಲ್ವುಡ್‌ಗೆ ಒಂದು ಬಿಸ್ಕತ್ತು ಹೆಚ್ಚಿಗೆ ಕೊಟ್ಟಳು.

ಎಲ್ಲರೂ ಮಲಗಿದ ಮೇಲೆ, ಎಂಜಿನ್ನಿನ ಒಂದೇ ಸಮನೆ ಸದ್ದಿನಲ್ಲಿ, ಜೋಮು ಹಿಡಿದ ಕಾಲಿನ ಮನುಷ್ಯನಿಗೆ ಆ ಸಾಲು ಹೊಳೆಯಿತು: ಮಗಳೇ, ನಿನ್ನನ್ನು ಹಿಡಿದುಕೊಂಡಿದ್ದು ಕಷ್ಟವಾಗಲಿಲ್ಲ, ಬಿಡುವುದೇ ಕಷ್ಟ. ಕತ್ತಲಲ್ಲಿ ಒಬ್ಬನೇ ನಕ್ಕ.

ಬೆಳಗಾಯಿತು. ಎಲ್ವುಡ್ ಲ್ಯಾಪ್‌ಟಾಪ್ ತೆರೆದ. ಪರದೆ ಒಂದು ಸಲ ಮಿನುಗಿ ಕಪ್ಪಾಯಿತು.

"ನಂದು ಪೂರ್ತಿ ತುಂಬಿದೆ ನೋಡು," ಎಂದರು ಅಜ್ಜಿ.

ಗಾರ್ತ್ ಬಗ್ಗಿ ನೋಡಿದ. ಬಹಳ ಹೊತ್ತು ಮೇಲೇಳಲಿಲ್ಲ. "ರೀ... ನಿಮ್ಮ ವೈರು ಸತ್ತ ಸಾಕೆಟ್ಟಲ್ಲಿದೆ. ಸಡಿಲ ಇದ್ದದ್ದು ಅಜ್ಜೀದು, ನೀವು ರಾತ್ರಿಯೆಲ್ಲಾ ಒತ್ತಿದ್ದೂ ಅದನ್ನೇ."

"ಅಯ್ಯೋ, ಈಗ ನೀನು ಹಾಕ್ಕೋಪ್ಪಾ," ಎಂದು ಅಜ್ಜಿ ಹೇಳುವಷ್ಟರಲ್ಲಿ ವಿಮಾನ ಇಳಿಯುತ್ತಿದೆಯೆಂಬ ಪ್ರಕಟಣೆ ಬಂತು. ಸೀಟಿನ ಕರೆಂಟು ನಿಂತು ಹಸಿರು ದೀಪ ಆರಿತು.

"ಊರಲ್ಲಿ ಹಾಕ್ಕೊಳ್ಳೋಣ ಅಂದ್ರೆ, ಅಲ್ಲಿನ ಸಾಕೆಟ್ಟಿಗೆ ನಮ್ಮ ಪ್ಲಗ್ ಹೋಗಲ್ಲ," ಎಂದು ಗಾರ್ತ್ ಇದನ್ನೂ ತಿಳಿಸಿದ.

ಎಲ್ವುಡ್ ಲ್ಯಾಪ್‌ಟಾಪ್ ಮುಚ್ಚಿ ಚೀಲಕ್ಕೆ ಹಾಕಿದ. ಕಡೆಗೆ, "ಒಂದು ಸಾಲು ಮಾತ್ರ ತಲೇಲಿದೆ," ಎಂದು ಅದನ್ನು ಹೇಳಿದ.

ಅಜ್ಜಿ ಕಿಟಕಿಯ ಕಡೆ ತಿರುಗಿಕೊಂಡರು. ಗಾರ್ತ್ ತನ್ನ ಕರವಸ್ತ್ರ ತೆಗೆದು ಅವರತ್ತ ಚಾಚಿದ.

"ಅಷ್ಟು ಸಾಕು ಕಣಪ್ಪಾ," ಎಂದರು ಅಜ್ಜಿ ಮೂಗೊರೆಸಿಕೊಂಡು.

ವಿಮಾನ ನಿಂತಿತು. ಭಾಷಣವೇ ಮುಗಿದು ಚಪ್ಪಾಳೆ ಬಿದ್ದಂತೆ ಎಲ್ವುಡ್ ಎದೆಯುಬ್ಬಿಸಿ ಎದ್ದ. ಬಲಗಾಲು ಮಾತ್ರ ಏಳಲಿಲ್ಲ. ಅದಿನ್ನೂ ಅಜ್ಜಿಯ ಪ್ಲಗ್ಗನ್ನೇ ಒತ್ತಿಕೊಂಡಿತ್ತು.