ಕುಂಟೆತ್ತಿನ ಆದೆಪ್ಪನ ಹತ್ತೊಂಬತ್ತು ಮಕ್ಕಳು

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಒಂದೇ ಒಂದು ಮಿರ್ಚಿ.

ಶನಿವಾರ ಸಂಜೆ ಮಸ್ಕಿಯ ಹುಲಿಗೇಶ ಹೆಣ್ಣು ನೋಡಲು ಲಿಂಗಸುಗೂರಿಗೆ ಹೋಗಿದ್ದ. ಅವನಿಗೆ ಮೂವತ್ಮೂರು ವರ್ಷ, ಇದು ಹದಿನಾಲ್ಕನೇ ಹೆಣ್ಣು. ಹಿಂದಿನ ಹದಿಮೂರು ಮನೆಗಳಲ್ಲಿ ಉಪ್ಪಿಟ್ಟು ತಿಂದು ಬಂದದ್ದಷ್ಟೇ ಲಾಭ. ಆದರೆ ಈ ಸಲ ಹುಡುಗಿ ಮೇಘಾ ಅವನ ಮುಖವನ್ನೇ ನೋಡಿ, ಅಂಗಡಿಯ ಝೆರಾಕ್ಸ್ ಮಷಿನ್ ಸ್ವಂತದ್ದೋ ಬಾಡಿಗೆಯದೋ ಎಂದು ಕೇಳಿದಳು. ಅವನ ಮಷಿನ್ ಬಗ್ಗೆ ಇಷ್ಟು ಕಾಳಜಿಯಿಂದ ಈವರೆಗೆ ಯಾರೂ ವಿಚಾರಿಸಿರಲಿಲ್ಲ. ಹುಲಿಗೇಶ ಕೂತಲ್ಲೇ ಬಿಸಿಲಿಗಿಟ್ಟ ಬೆಲ್ಲದಂತೆ ಕರಗಿದ. ಈ ಹುಡುಗಿ ಸಿಗದಿದ್ದರೆ ಮಷಿನ್ ಮಾರಿ ಮಠ ಸೇರುವುದೇ ಸರಿ ಎಂದು ಮನಸ್ಸಿನಲ್ಲೇ ತೀರ್ಮಾನಿಸಿಬಿಟ್ಟ.

ಆ ಕರಗಿದ ಗಳಿಗೆಯಲ್ಲೇ ಮಂಡಕ್ಕಿಯ ಮಂಡಾಳ ಒಗ್ಗರಣೆಯ ಪಕ್ಕದಲ್ಲಿದ್ದ ಮಿರ್ಚಿ ಬಜ್ಜಿಯನ್ನು ಅರ್ಧಕ್ಕೆ ಕಚ್ಚಿದ. ಅದೇ ಗಳಿಗೆಯಲ್ಲಿ ಹುಡುಗಿಯ ಅಪ್ಪ ಲಕ್ಷ್ಮಣ ಮಾಸ್ತರರು, ನಿಮ್ಮದು ಯಾರ ಪೈಕಿ ಎಂದು ಕೇಳಿದರು. ಮೂವತ್ತೈದು ವರ್ಷ ಇತಿಹಾಸ ಪಾಠ ಮಾಡಿದವರು ಅವರು. ಹೆಂಡತಿ ಒಗ್ಗರಣೆ ಹಾಕಿದರೂ ಯಾವ ಕಾಲದ್ದೆಂದು ಕೇಳುವ ಪೈಕಿ.

"ನಮ್ಮ ಮುತ್ತಜ್ಜ... ಹಾ... ಕುಂಟೆತ್ತಿನ ಆದೆಪ್ಪ ಅಂತ್ರಿ," ಎಂದ ಹುಲಿಗೇಶ, ಬಾಯಿಯೊಳಗೆ ಬೆಂಕಿ ಇಟ್ಟುಕೊಂಡು. "ಹಾ... ಭಾಳ ದೊಡ್ಡಾಂವರಿ. ಜಾಲಿ ಕಡದು ಊರು ಕಟ್ಟಿದಾಂವ. ಹತ್ತೊಂಬತ್ತು... ಹಾ... ಮಕ್ಕಳು."

ಎರಡೂ ಕಣ್ಣಿಂದ ಕಾಲುವೆ ಬಿಟ್ಟ ಹಾಗೆ ನೀರು ಹರಿಯಿತು. ಮಾಸ್ತರರು ಕನ್ನಡಕ ತೆಗೆದು ತಮ್ಮ ಕಣ್ಣನ್ನೂ ಒರೆಸಿಕೊಂಡರು.

"ಈಗಿನ ಹುಡುಗ್ರಿಗೆ ಅಜ್ಜನ ಹೆಸರು ಕೇಳಿದ್ರ ಮೊಬೈಲ್ ನೋಡ್ತಾವ," ಎಂದರು ಹೆಂಡತಿಗೆ. "ಈ ಹುಡುಗ ನೋಡು, ಮುತ್ತಜ್ಜನ ನೆನಸಿ ಅಳಾಕತ್ತಾನ."

ಅಲ್ಲೇ ಅಪ್ಪಣೆಯಾಯಿತು. ಮರುದಿನ ಸಂಜೆ ಐದಕ್ಕೆ ಮನೆಯಲ್ಲಿ ಹಿರಿಯರು ಸೇರುತ್ತಾರೆ. ಮುಕ್ಕುಂದದ ಮಗಳ ಮನೆಗೆ ಹೋಗಿರುವ ಮಾಸ್ತರರ ತಾಯಿ ಗದ್ದೆಮ್ಮನೂ ಬರುತ್ತಾಳೆ. ಅಷ್ಟರೊಳಗೆ ಆದೆಪ್ಪನ ಚರಿತ್ರೆಯನ್ನು ಮಕ್ಕಳು ಮರಿಗಳ ಸಮೇತ ತಂದರೆ ಸಕ್ಕರೆ ಹಂಚಿ ಸಂಬಂಧ ಗಟ್ಟಿ ಮಾಡುವುದು. ತರದಿದ್ದರೆ ಸಿಂಧನೂರಿನ ಒಂದು ಗಂಡು ಕಾದು ಕುಳಿತಿದೆ.

ಪಕ್ಕದಲ್ಲಿ ಕುಳಿತಿದ್ದ ವಿರೇಶ, ಬಿಡ್ರಿ ಸರ ತರ್ತಾನ ಎಂದು ಹುಲಿಗೇಶನ ಪರವಾಗಿ ತಾನೇ ಒಪ್ಪಿಕೊಂಡ. ವಿರೇಶನದು ಹುಲಿಗೇಶನ ಪಕ್ಕದ ಮೊಬೈಲ್ ರಿಪೇರಿ ಅಂಗಡಿ. ಅವನಿಗೂ ಮದುವೆಯಾಗಿಲ್ಲ. ಹೆಣ್ಣು ನೋಡಲು ಜೊತೆಗೆ ಬಂದವನು ಸುಮ್ಮನಿರಲಾರದೆ ಮೇಘಾಳ ಫೋನಿಗೆ ಒಂದು ಹೊಸ ಸ್ಕ್ರೀನ್ ಗಾರ್ಡ್ ಅಂಟಿಸಿಕೊಟ್ಟಿದ್ದ.

ತಾಲೂಕು ಕಚೇರಿ ಎದುರಿನ ತನ್ನ ಅಂಗಡಿಯಲ್ಲಿ ಹುಲಿಗೇಶ ಊರವರ ವಂಶಾವಳಿ ಅರ್ಜಿಗಳನ್ನು ಸಾವಿರಗಟ್ಟಲೆ ಟೈಪ್ ಮಾಡಿದವನು. ಯಾರ ಚಿಕ್ಕಪ್ಪನಿಗೆ ಎಷ್ಟು ಹೆಂಡಿರು ಎಂದು ನಿದ್ದೆಯಲ್ಲೂ ಹೇಳುವವನು. ತನ್ನದು ಮಾತ್ರ ಆದೆಪ್ಪನ ಹೆಸರು ಬಿಟ್ಟರೆ ಅಪ್ಪನ ಆಚೆಗೆ ಬರೀ ಖಾಲಿ ಕಾಗದ. ಅಪ್ಪ ಸತ್ತಾಗ ಅವನಿಗೆ ನಾಲ್ಕು ವರ್ಷ.

ಭಾನುವಾರ ಬೆಳಿಗ್ಗೆ ರೊಟ್ಟಿ ಬಡಿಯುತ್ತಿದ್ದ ತಾಯಿ ಆದೆಮ್ಮನ ಎದುರು ಪೆನ್ನು ಹಿಡಿದು ಕೂತ. ಅವಳು ಸೊಸೆಯಾಗಿ ಬರುವ ಹೊತ್ತಿಗೆ ಹಳಬರೆಲ್ಲ ತೀರಿಹೋಗಿದ್ದರು. ಆ ಮನೆಯಲ್ಲಿ ತಟ್ಟೆಗಿಂತ ಮಕ್ಕಳು ಜಾಸ್ತಿ ಇದ್ದರಂತೆ, ಪಾಳಿ ಹಚ್ಚಿ ಉಣ್ಣುತ್ತಿದ್ದರಂತೆ, ಕಡೇ ಪಾಳಿಯವರು ಕೈತೊಳೆಯುವಷ್ಟರಲ್ಲಿ ಮೊದಲನೇ ಪಾಳಿಗೆ ಮತ್ತೆ ಹಸಿವಾಗುತ್ತಿತ್ತಂತೆ. ಅವಳಿಗೆ ಗೊತ್ತಿದ್ದದ್ದು ಇಷ್ಟೇ.

"ಹುಟ್ಟಿದ್ದು ಬಿಟ್ರ ಬ್ಯಾರೆ ಏನು ಮಾಡ್ಯಾರಂತ ನನಗ ಗೊತ್ತಿಲ್ಲಪ," ಎಂದು ರೊಟ್ಟಿ ತಿರುವಿ ಹಾಕಿದಳು. "ನಿಮ್ಮ ಮನ್ಯಾಗ ಲಗ್ನಾನೂ ತಡಾ, ಮಕ್ಕಳೂ ತಡಾ. ನಿಮ್ಮಜ್ಜ ಹತ್ತೊಂಬತ್ತನೇದಾಂವ. ನಿಮ್ಮಪ್ಪ ಅವನಿಗೆ ಕೂದಲಾ ಬೆಳ್ಳಗ ಆದಮ್ಯಾಲೆ ಹುಟ್ಟ್ಯಾನ. ನಿನಗೂ ಅದ ಗಾಳಿ ಬಡದದ."

ವಿರೇಶ ಬೈಕ್ ತಂದು ಬಾಗಿಲಲ್ಲಿ ನಿಲ್ಲಿಸಿದ. ಸಂತೆಕಲ್ಲೂರಿನಲ್ಲಿ ಹೆಳವರ ತಾಯಪ್ಪ ಬಿಡಾರ ಹೂಡಿರುವ ಸುದ್ದಿ ಅವನಿಗೆ ಸಿಕ್ಕಿತ್ತು. ಹೆಳವರೆಂದರೆ ಮನೆತನಗಳ ವಂಶಾವಳಿಯನ್ನು ತಲೆಮಾರಿನಿಂದ ಹೊತ್ತಿಗೆಯಲ್ಲಿ ಬರೆದಿಟ್ಟು, ಮನೆ ಮುಂದೆ ಕುಳಿತು ಓದಿ ಹೇಳಿ, ಕಾಳುಕಡಿ ತೆಗೆದುಕೊಂಡು ಹೋಗುವವರು. ಅವರ ಅಜ್ಜಂದಿರು ಎತ್ತಿನ ಮೇಲೆ ಬರುತ್ತಿದ್ದರು, ತಾಯಪ್ಪ ಮೊಪೆಡ್ ಮೇಲೆ ಬರುತ್ತಾನೆ.

"ನಿನಗ್ಯಾಕಲೇ ಇಷ್ಟು ಉಮೇದಿ?" ಎಂದು ಹುಲಿಗೇಶ ಕೇಳಿದ. "ನಿಮ್ಮಜ್ಜನ ಹೆಸರು ನಿನಗ ಗೊತ್ತೈತೇನು ಮೊದಲ?"

"ನಮ್ಮಪ್ಪ ಹೇಳಲಿಲ್ಲ, ನಾ ಕೇಳಲಿಲ್ಲ," ಎಂದ ವಿರೇಶ. "ಆರಾಮದೀವಿ."

ಸಂತೆಕಲ್ಲೂರಿನ ಕಟ್ಟೆಯ ಮೇಲೆ ಕುಳಿತಿದ್ದ ಮುದುಕರ ಎದುರು ಹುಲಿಗೇಶ ಆದೆಪ್ಪನ ಹೆಸರೆತ್ತಿದ. ಒಬ್ಬ, ಆದೆಪ್ಪ ಹುಲಿ ಹೊಡೆದು ಈ ಊರು ಕಟ್ಟಿದ ಎಂದ. ಹುಲಿಗೇಶ ಎದೆಯುಬ್ಬಿಸಿ ಬರೆದುಕೊಂಡ. ಇನ್ನೊಬ್ಬ, ಹುಲಿಯಲ್ಲ ಚಿರತೆ ಎಂದ. ಅದನ್ನು ಹೊಡೆದು ತಿದ್ದಿದ. ಎಲ್ಲರಿಗಿಂತ ಹಣ್ಣಾದ ಮೂರನೆಯವನು ಎಲೆಅಡಿಕೆ ಉಗುಳಿ ಇಬ್ಬರನ್ನೂ ಸುಮ್ಮನಾಗಿಸಿದ.

"ಹುಲಿನೂ ಇಲ್ಲ, ಚಿರತಿನೂ ಇಲ್ಲ. ಆಂವ ಹೊಂಟಿದ್ದು ಮುದಗಲ್ಲಿಗೆ. ಎತ್ತು ಕುಂಟಾಕತ್ತಿತ್ತು. ಈ ದಿನ್ನಿ ಮ್ಯಾಲೆ ಬಂದು ಮಲಕ್ಕಂತು, ಏಳಲಿಲ್ಲ. ಈಗ ಏಳ್ತದ, ಆಗ ಏಳ್ತದ ಅಂತ ಕಾಯಕೋತ ಕುಂತ. ಕಾಯೋದ್ರಾಗ ಮೂರು ಲಗ್ನ, ಹತ್ತೊಂಬತ್ತು ಮಕ್ಕಳಾದ್ವು."

ಹುಲಿಗೇಶ ಪೆನ್ನಿಗೆ ಮುಚ್ಚಳ ಹಾಕಿದ.

ಅಷ್ಟರಲ್ಲಿ ವಿರೇಶ ಚಹದಂಗಡಿಯಲ್ಲಿ, ಆದೆಪ್ಪನ ವಂಶಾವಳಿ ಬರೆಯಲು ಬಂದಿದ್ದೇವೆ ಎಂದು ಹೇಳಿಬಿಟ್ಟಿದ್ದ. ಏನಾದರೂ ಹಂಚುವುದಿಲ್ಲದೆ ಈ ಸೀಮೆಯಲ್ಲಿ ಯಾರೂ ವಂಶಾವಳಿ ಬರೆಸುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಚಹ ಆರುವಷ್ಟರಲ್ಲಿ ಆದೆಪ್ಪನ ಸಂತಾನಕ್ಕೆ ಸರಕಾರ ಸೈಟು ಕೊಡುತ್ತದೆ ಎಂದಾಯಿತು. ಚಹ ಕುಡಿದು ಮುಗಿಸುವಷ್ಟರಲ್ಲಿ ಸೈಟಿನೊಳಗೆ ಮನೆಯೂ ಎದ್ದಿತ್ತು. ಆಧಾರ್ ಕಾರ್ಡ್ ಹಿಡಿದವರು ಸಂದಿಗೊಂದಿಗಳಿಂದ ಇರುವೆಯಂತೆ ಹೊರಬಂದರು. ಬೆಳಿಗ್ಗೆ ಹತ್ತೊಂಬತ್ತಿದ್ದ ಆದೆಪ್ಪನ ಮಕ್ಕಳು ಮಧ್ಯಾಹ್ನಕ್ಕೆ ಮೂವತ್ತೊಂದಾದರು. ಆಟೊ ಹೊಡೆಯುವ ಇಸ್ಮಾಯಿಲ್‌ಸಾಬ್ ಕೂಡ, ನಮ್ಮಜ್ಜ ಆದೆಪ್ಪನ ಎತ್ತಿಗೆ ಲಾಳ ಬಡಿದವನು, ನಮ್ಮದೊಂದು ಹೆಸರು ಹಾಕು ಎಂದ.

ಜನರಿಂದ ತಪ್ಪಿಸಿಕೊಂಡು ಓಡುವಾಗ ಹುಲಿಗೇಶನ ಚಪ್ಪಲಿ ಒಂದು ಕಳೆಯಿತು. ಬೇವಿನ ಮರದ ಕೆಳಗೆ ತಾಯಪ್ಪ ಕೆಂಪು ಬಟ್ಟೆಯಲ್ಲಿ ಸುತ್ತಿದ ಹೊತ್ತಿಗೆಯನ್ನು ತಲೆದಿಂಬು ಮಾಡಿಕೊಂಡು ಮಲಗಿದ್ದ. ವಿಷಯ ಕೇಳಿ ಕಣ್ಣು ತೆರೆಯದೆಯೇ ಮಾತಾಡಿದ. ಲಿಂಗಸುಗೂರಿನ ಲಕ್ಷ್ಮಣ ಮಾಸ್ತರ ಗೊತ್ತು, ಅವನ ಅವ್ವನ ಕಡೆಯವರೂ ಆದೆಪ್ಪನ ಸಂತಾನವೇ.

ಹುಲಿಗೇಶ ನೆಲಕ್ಕೆ ಕುಳಿತು ಬೆರಳಲ್ಲಿ ಲೆಕ್ಕ ಹಾಕಿದ. ಒಂದೇ ಸಂತಾನವೆಂದರೆ ಮೇಘಾ ತಂಗಿಯಾಗುತ್ತಾಳೆ. ಮುಗಿಯಿತು, ಹದಿನೈದನೇ ಉಪ್ಪಿಟ್ಟಿಗೆ ತಯಾರಾಗಬೇಕು.

"ಗಂಡುಮಕ್ಕಳ ಪೈಕಿ ಏನ್ರಿ, ಹೆಣ್ಣುಮಕ್ಕಳ ಪೈಕಿ?" ಎಂದು ತಾಯಪ್ಪನ ಕಾಲು ಹಿಡಿದ.

"ಹೆಣ್ಣ. ಹಿರೇಮಗಳು ಗಾಳೆಮ್ಮನ ಕುಡಿ ಅದು. ನಿಮ್ಮಜ್ಜನ ಅಕ್ಕ."

ಹುಲಿಗೇಶ ಒಂದೇ ಚಪ್ಪಲಿಯಲ್ಲಿ ಕುಣಿದ. ಅಕ್ಕನ ಪೈಕಿ ಎಂದರೆ ಬೀಗತನ, ಕೊಟ್ಟು ತರುವ ಸಂಬಂಧ. ತಂಗಿಯಾಗುವುದಂತೂ ತಪ್ಪಿತು. ವರಸೆ ಪೂರಾ ಹೇಳು ಎಂದರೆ ತಾಯಪ್ಪ ಒಪ್ಪಲಿಲ್ಲ. ಮನೆ ಮುಂದೆ ಕುಳಿತು, ಮೊರದಲ್ಲಿ ಜೋಳ ಹಾಕಿಸಿಕೊಳ್ಳದೆ ಹೊತ್ತಿಗೆ ಬಿಚ್ಚುವುದು ಅವನ ಮನೆತನದಲ್ಲಿ ಇರಲಿಲ್ಲ. ಹಾಗಾದರೆ ಲಿಂಗಸುಗೂರಿಗೇ ನಡಿ ಎಂದು ಹುಲಿಗೇಶ ಅವನನ್ನು ಬೈಕ್ ಮೇಲೆ ನಡುವೆ ಕೂರಿಸಿಕೊಂಡ. ಹಿಂದೆ ಇಸ್ಮಾಯಿಲ್‌ಸಾಬನ ಆಟೊ, ಅದರ ಹಿಂದೆ ಇನ್ನೂ ಮೂರು ಆಟೊ, ತುಂಬ ಆದೆಪ್ಪನ ಸಂತಾನ.

ಐದಕ್ಕೆ ಐದು ನಿಮಿಷ ಇರುವಾಗ ಈ ದಿಬ್ಬಣ ಮಾಸ್ತರರ ಅಂಗಳಕ್ಕೆ ಬಂದು ಇಳಿಯಿತು. ಚರಿತ್ರೆ ಬರೆದು ತಾ ಎಂದರೆ ಚರಿತ್ರೆಯನ್ನೇ ಆಟೊದಲ್ಲಿ ಹೇರಿಕೊಂಡು ಬಂದಿದ್ದಾನಲ್ಲ ಎಂದು ಮಾಸ್ತರರು ಹಿಗ್ಗಿದರು. ಮೇಘಾ ಬಾಗಿಲಲ್ಲಿ ನಿಂತು ಅವನ ಬರಿಗಾಲು ನೋಡಿ ನಕ್ಕಳು. ಮುಕ್ಕುಂದದಿಂದ ಬಂದಿದ್ದ ಗದ್ದೆಮ್ಮ ಕಟ್ಟೆಯ ಮೇಲೆ ಕಾಲು ಚಾಚಿ ಎಲೆ ಹಾಕಿಕೊಳ್ಳುತ್ತಿದ್ದಳು. ಎಪ್ಪತ್ತೇಳು ವರ್ಷ, ಹಲ್ಲು ನಾಲ್ಕು, ನಾಲಿಗೆ ಮಾತ್ರ ಹೊಸ ಕುಡುಗೋಲು. ಬಂದವರು ಆದೆಪ್ಪನ ಕಡೆಯವರೆಂದು ತಿಳಿದು ಅವಳು ಎದ್ದು ಕೂತಳು.

ಮೊರ ಬಂತು, ಜೋಳ ಬಂತು. ತಾಯಪ್ಪ ಹೊತ್ತಿಗೆಗೆ ಕೈಮುಗಿದು ಬಿಚ್ಚಿದ. ಎಲ್ಲರಿಗೂ ಕಾಣಲಿ ಎಂದು ಮೊರದ ನಡುವೆ ಒಂದು ದಪ್ಪ ಕಾಳಿಟ್ಟು, ಇಂವ ಆದೆಪ್ಪ ಎಂದ. ಅದರ ಕೆಳಗೆ ಎರಡು ಸಾಲು ಹಚ್ಚತೊಡಗಿದ.

ಎಡಕ್ಕೆ ಮೊದಲ ಕಾಳು ಹಿರೇಮಗಳು ಗಾಳೆಮ್ಮ, ಬಲಕ್ಕೆ ಮೊದಲ ಕಾಳು ಹತ್ತೊಂಬತ್ತನೇ ಮಗ, ಹುಲಿಗೇಶನ ಅಜ್ಜ. ಇಬ್ಬರ ನಡುವೆ ಮೂವತ್ತು ವರ್ಷದ ಅಂತರ. ಗಾಳೆಮ್ಮ ತನ್ನ ಮಗನನ್ನೂ ತನ್ನ ಈ ತಮ್ಮನನ್ನೂ ಒಂದೇ ತೊಟ್ಟಿಲಲ್ಲಿ ತೂಗಿದವಳು. ಎಡಕ್ಕೆ ಎರಡನೇ ಕಾಳು ಆ ಮಗ, ಬಲಕ್ಕೆ ಎರಡನೇ ಕಾಳು ಹುಲಿಗೇಶನ ಅಪ್ಪ. ಬಲಕ್ಕೆ ಮೂರನೇ ಕಾಳು ಹುಲಿಗೇಶ. ಬಲದ ಸಾಲು ಅಲ್ಲಿಗೆ ಮುಗಿಯಿತು.

ಎಡಕ್ಕೆ ಮೂರನೇ ಕಾಳು ಇಡುತ್ತ ತಾಯಪ್ಪ, ಇಕಿ ಗದ್ದೆಮ್ಮ ಎಂದ. ನಾಲ್ಕನೆಯದು ಲಕ್ಷ್ಮಣ ಮಾಸ್ತರ. ಐದನೆಯದು ಮೇಘಾ.

ಹುಲಿಗೇಶ ತನ್ನ ಕಾಳಿನ ಎದುರಿಗಿದ್ದ ಕಾಳನ್ನು ನೋಡಿದ. ಅದು ಗದ್ದೆಮ್ಮ. ಮೇಘಾಳ ಕಾಳು ಎರಡು ಮೆಟ್ಟಿಲು ಕೆಳಗೆ ಬಾವಿಯಲ್ಲಿ ಬಿದ್ದಂತೆ ಕೂತಿತ್ತು. ಅಂಗಳದ ಕೋಳಿಯೊಂದು ಮೊರದ ಕಡೆ ಬಂತು. ಹುಲಿಗೇಶ ಮನಸ್ಸಿನಲ್ಲೇ ಹರಕೆ ಹೊತ್ತ, ಎಡಗಡೆಯ ಎರಡು ಕಾಳು ತಿನ್ನವ್ವ ಎಂದು. ಕೋಳಿ ವಿಚಾರ ಮಾಡಿ ಬಲಗಡೆಯ ಹುಲಿಗೇಶನನ್ನೇ ಕುಕ್ಕಿಕೊಂಡು ಹೋಯಿತು.

ಗದ್ದೆಮ್ಮ ಎದ್ದು ಬಂದು ಅವನ ಗದ್ದ ಹಿಡಿದಳು.

"ಹಂಗಾರ ನೀ ನನಗ ಅತ್ತಿ ಮಗ ಆದಿ. ವರಸಿ ಹಿಡದ್ರ ನಿನ್ನ ಕೊಳ್ಳಿಗೆ ಬೀಳಬೇಕಾದಾಕಿ ನಾ," ಎಂದು ಲಟಿಕೆ ಮುರಿದಳು. "ಅರವತ್ತು ವರ್ಷ ತಡಾ ಮಾಡಿ ಬಂದಿಯಲ್ಲೋ. ಸ್ವಲ್ಪ ಜಲ್ದಿ ಬಂದಿದ್ರ ವಿಚಾರ ಮಾಡ್ತಿದ್ದೆ."

ಆಟೊದವರೆಲ್ಲ ಬಿದ್ದು ಬಿದ್ದು ನಕ್ಕರು. ಇಷ್ಟು ಹಳೆಯದನ್ನು ಯಾರು ನೋಡುತ್ತಾರೆ, ಹೊತ್ತಿಗೆಗೆ ಹುಳ ಬಿದ್ದಿರಬೇಕು ಎಂದು ಹುಲಿಗೇಶ ಬಡಬಡಿಸಿದ. ಏಳು ತಲೆಮಾರಿನಿಂದ ತಪ್ಪದ ಹೊತ್ತಿಗೆ ಇದು ಎಂದು ತಾಯಪ್ಪ ಸಿಟ್ಟಿಗೆದ್ದ. ಮಾಸ್ತರರಂತೂ ಇತಿಹಾಸಕ್ಕೆ ತಲೆಬಾಗುವವರು. ಎದ್ದು ಬಂದು, ತಮಗಿಂತ ಇಪ್ಪತ್ತೇಳು ವರ್ಷ ಸಣ್ಣವನ ಕಾಲಿಗೆ, ಚಪ್ಪಲಿ ಇಲ್ಲದ ಕಾಲನ್ನೇ ಆರಿಸಿ ನಮಸ್ಕಾರ ಮಾಡಿದರು.

"ನಮ್ಮವ್ವಗ ವರಸಿಲೆ ಗಂಡ ಅಂದ್ರ ನನಗ ಅಪ್ಪ ಆದ್ರಿ. ಮೇಘಾ ಮೊಮ್ಮಗಳಾದಳು. ಮೊಮ್ಮಗಳನ್ನ ಹೆಂಗ ಕೊಡಲ್ರಿ ನಿಮಗ?"

ಹಾಗಾದರೆ ಸಿಂಧನೂರಿನ ಗಂಡಿಗೇ ಹೇಳಿ ಕಳಿಸೋಣ ಎಂದು ಯಾರೋ ಅಂದರು. ತಾಯಪ್ಪ ನಾಲ್ಕು ಹಾಳೆ ತಿರುವಿ, ಅವನು ಆದೆಪ್ಪನ ಆರನೇ ಮಗನ ಮೊಮ್ಮಗ, ಹುಡುಗಿಗೆ ಅಜ್ಜನ ವರಸೆ ಎಂದ. ಮಾಸ್ತರರು ಮನಸ್ಸಿನಲ್ಲಿದ್ದ ಇನ್ನೂ ಮೂರು ಗಂಡುಗಳ ಹೆಸರು ಹೇಳಿದರು. ಒಬ್ಬ ಚಿಕ್ಕಪ್ಪ, ಒಬ್ಬ ಅಣ್ಣ, ಒಬ್ಬ ತೊಟ್ಟಿಲಲ್ಲಿದ್ದಾಗಲೇ ಮುತ್ತಜ್ಜ. ಎತ್ತು ಏಳಲೆಂದು ಕಾಯುತ್ತಾ ಕುಳಿತವನು ಮೂರು ತಾಲೂಕಿನಲ್ಲಿ ಒಬ್ಬ ಗಂಡನ್ನೂ ಉಳಿಸಿರಲಿಲ್ಲ.

"ಹಂಗಾರ ಆದೆಪ್ಪಗ ಏನೂ ಆಗಬಾರದಾಂವ ಈ ಸೀಮ್ಯಾಗ ಯಾರದಾರಪ?" ಎಂದು ಮಾಸ್ತರರು ತಲೆಗೆ ಕೈ ಹಚ್ಚಿದರು.

ಅಂಗಳದಲ್ಲಿ ಇದ್ದವರೆಲ್ಲರ ಕೈಯಲ್ಲಿ ಆಧಾರ್ ಕಾರ್ಡ್ ಇತ್ತು. ಇಲ್ಲದವನು ಒಬ್ಬನೇ. ಬೈಕಿಗೆ ಒರಗಿ, ಯಾವ ಹೊತ್ತಿಗೆಯಲ್ಲೂ ಇಲ್ಲದೆ ಆರಾಮಾಗಿ ನಿಂತಿದ್ದ. ಎಲ್ಲರ ಕಣ್ಣು ವಿರೇಶನ ಮೇಲೆ ಬಿತ್ತು. ತಾಯಪ್ಪ ಹೊತ್ತಿಗೆಯನ್ನು ಹಿಂದೆ ಮುಂದೆ ತಿರುವಿ, ಇವನ ಹೆಸರು ಎಲ್ಲೂ ಇಲ್ಲ, ಜಾತಿ ನಿಮ್ಮದೇ, ಅಡ್ಡಿಯಿಲ್ಲ ಎಂದು ತೀರ್ಪು ಕೊಟ್ಟ. ಬಾಗಿಲಿನಿಂದ ಮೇಘಾ ಫೋನ್ ನೋಡುತ್ತಲೇ ಮೆಲ್ಲಗೆ ಹೇಳಿದಳು.

"ಅಪ್ಪಾ, ಸ್ಕ್ರೀನ್ ಗಾರ್ಡ್ ಮಾತ್ರ ಚಲೋ ಕುಂತದ."

ಅದನ್ನೇ ಒಪ್ಪಿಗೆ ಎಂದುಕೊಂಡರು. ಈ ಕಡೆ ಸಕ್ಕರೆ ಹಂಚುವಾಗ ಮೊದಲ ಚಿಟಿಕೆ ಮನೆಯ ಹಿರಿಯ ಗಂಡಸು ಹಾಕಬೇಕು. ಹೊತ್ತಿಗೆಯ ಪ್ರಕಾರ ಆ ಮನೆಯಲ್ಲಿ ಈಗ ಹುಲಿಗೇಶನಿಗಿಂತ ಹಿರಿಯ ಗಂಡಸಿಲ್ಲ. ಅವನ ಹೆಗಲಿಗೆ ಟವೆಲ್ ಹೊದಿಸಿ, ಗದ್ದೆಮ್ಮನ ಪಕ್ಕ ಕೂರಿಸಿ, ಕೈಯಲ್ಲಿ ಸಕ್ಕರೆ ಬಟ್ಟಲು ಕೊಟ್ಟರು. ವಿರೇಶ ಬಂದು ಬಗ್ಗಿದ.

"ಆಶೀರ್ವಾದ ಮಾಡ್ರಿ ಅಜ್ಜಾರ."

"ನಿನ್ನ ಬೈಕ್ ಪಂಚರ್ ಆಗಲಿ ಲೇ," ಎಂದ ಹುಲಿಗೇಶ ಅವನಿಗಷ್ಟೇ ಕೇಳುವಂತೆ, ಬಾಯಿಗೆ ಸಕ್ಕರೆ ತುರುಕುತ್ತ.

ಮೇಘಾ ಒಳಗಿಂದ ತಟ್ಟೆ ತಂದು, ತಗೋ ಅಜ್ಜಾ ಎಂದು ಅವನ ಮುಂದಿಟ್ಟಳು. ಒಂದು ತುತ್ತು ಬಾಯಿಗಿಟ್ಟನೋ ಇಲ್ಲವೋ, ಹುಲಿಗೇಶನ ಎರಡೂ ಕಣ್ಣಿಂದ ಮತ್ತೆ ಕಾಲುವೆ ಹರಿಯಿತು. ಮಾಸ್ತರರು ಕನ್ನಡಕ ತೆಗೆದು ಒರೆಸಿಕೊಂಡರು.

"ನೋಡ್ರಿ, ಮೊಮ್ಮಗಳ ಮ್ಯಾಲೆ ಎಷ್ಟು ಜೀವ."

ತಟ್ಟೆಯಲ್ಲಿ ಈ ಸಲ ಮಿರ್ಚಿ ಇರಲಿಲ್ಲ. ಬರೀ ಸಿಹಿ ಸಜ್ಜಕ.